ಅಮ್ಮನ ಕಡೆಯಿಂದ ಬಂದದ್ದು

ಅಣ್ಣನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾದಾಗ ಫೋನು ಮಾಡಿದವರೆಲ್ಲ ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಅಪ್ಪನಿಗೂ ಇತ್ತಾ?" ಇರಲಿಲ್ಲ. ಅಪ್ಪ ಎಂಬತ್ತೆಂಟು ವರ್ಷ ಗಟ್ಟಿಯಾಗಿ ಬದುಕಿದವರು. ದೊಡ್ಡಪ್ಪ, ಚಿಕ್ಕಪ್ಪ ಯಾರಿಗೂ ಇರಲಿಲ್ಲ. ಹಾಗಾದರೆ ವಂಶದಲ್ಲಿಲ್ಲ, ನೀನು ಹೆದರಬೇಡ ಅಂತ ನನಗೆ ಧೈರ್ಯ ಹೇಳಿ ಫೋನಿಟ್ಟರು. ಗಂಡಸರ ಕಾಯಿಲೆ ತಾನೇ, ಗಂಡಸರ ಕಡೆಯಿಂದಲೇ ಬರಬೇಕು ಅನ್ನುವುದು ಎಲ್ಲರ ಲೆಕ್ಕ.

ನಾವು ಕಾರ್ಕಳದ ಕಡೆಯ ಬಂಟರು. ಅಪ್ಪ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಆಮೇಲೆ ಚೆಂಬೂರಿನಲ್ಲಿ ಸ್ವಂತದ್ದು ಹಾಕಿದರು. ಅದನ್ನೀಗ ಅಣ್ಣ ನಡೆಸುತ್ತಾನೆ. ನಾನು ಬ್ಯಾಂಕು ಸೇರಿ ಮುಲುಂಡಿನಲ್ಲಿದ್ದೇನೆ. ಅಕ್ಕ, ಭಾವ ಥಾಣೆಯಲ್ಲಿ. ಭಾವ ಅಂದರೆ ಹೊರಗಿನವರಲ್ಲ, ನಮ್ಮ ಸೋದರಮಾವನ ಮಗನೇ. ಈ ಸಂಗತಿ ಮುಂದೆ ಮತ್ತೆ ಬರುತ್ತದೆ.

ಅಣ್ಣನಿಗೆ ಐವತ್ತೆಂಟು. ಸೊಂಟ ನೋವು ಅಂತ ತಿಂಗಳುಗಟ್ಟಲೆ ಒದ್ದಾಡಿದ. ಗಲ್ಲಾದಲ್ಲಿ ಕೂತು ಕೂತು ಬಂದದ್ದು ಅಂತ ಅವನೇ ತೀರ್ಮಾನ ಮಾಡಿದ್ದ. ಹತ್ತಿರದ ಡಾಕ್ಟರು ನೋವಿನ ಮಾತ್ರೆ, ಬೆಲ್ಟು, ಫಿಸಿಯೋಥೆರಪಿ ಅಂತ ಕಾಲ ತಳ್ಳಿದರು. ಆ ವಯಸ್ಸಿನ ಗಂಡಸಿಗೆ ಒಂದು ಪಿಎಸ್‌ಎ ಬರೆದುಕೊಡಲು ಏನಾಗಿತ್ತು ಅಂತ ನನಗೆ ಈಗಲೂ ಸಿಟ್ಟಿದೆ. ಪಿಎಸ್‌ಎ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. ರಕ್ತದಲ್ಲಿ ಅದು ಎಷ್ಟಿದೆ ಅಂತ ಸುಲಭವಾಗಿ ನೋಡಬಹುದು. ಸಾಮಾನ್ಯವಾಗಿ 4 ನ್ಯಾನೋಗ್ರಾಂ ಒಳಗಿರಬೇಕು ಅನ್ನುತ್ತಾರೆ. ಕೊನೆಗೆ ಮಾಡಿಸಿದಾಗ ಅಣ್ಣನದು ನೂರು ದಾಟಿತ್ತು. ಬಯಾಪ್ಸಿಯಲ್ಲಿ ಗ್ಲೀಸನ್ 9, ಅಂದರೆ ಜೋರಾದ ಜಾತಿ. ಸ್ಕ್ಯಾನಿನಲ್ಲಿ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹಬ್ಬಿತ್ತು.

ಚಿಕಿತ್ಸೆ ಶುರುವಾದ ಮೇಲೆ ಕ್ಯಾನ್ಸರ್ ಡಾಕ್ಟರು ಇನ್ನೊಂದು ರಕ್ತಪರೀಕ್ಷೆ ಬರೆದರು. ಹುಟ್ಟಿನಿಂದಲೇ ಬಂದ ಜೀನ್ ಬದಲಾವಣೆ ಇದೆಯಾ ಅಂತ ನೋಡಲು. ಮೂಳೆಗೆ ಹಬ್ಬಿದವರಿಗೆಲ್ಲ ಇದನ್ನು ಮಾಡಿಸುವುದು ಒಳ್ಳೆಯದು ಅಂದರು. 2016ರ ಒಂದು ಅಧ್ಯಯನದಲ್ಲಿ, ಹೀಗೆ ಹಬ್ಬಿದ ಕಾಯಿಲೆಯ 692 ಗಂಡಸರನ್ನು ನೋಡಿದಾಗ ಶೇ. 11.8 ಮಂದಿಯಲ್ಲಿ ಡಿಎನ್‌ಎ ರಿಪೇರಿ ಮಾಡುವ ಜೀನುಗಳಲ್ಲಿ ಹುಟ್ಟಿನಿಂದ ಬಂದ ದೋಷ ಸಿಕ್ಕಿತ್ತಂತೆ. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಆರ್‌ಸಿಎ2 ಅನ್ನುವ ಜೀನಿನಲ್ಲಿ. ದೋಷ ಇದ್ದರೆ ಕೊಡಬಹುದಾದ ಬೇರೆ ಮಾತ್ರೆಯೂ ಇದೆ. ಹಾಗಾಗಿ ಸುಮ್ನೆ ತಿಳಿದುಕೊಳ್ಳಲು ಮಾಡುವ ಪರೀಕ್ಷೆ ಅಲ್ಲ ಇದು.

ಅಣ್ಣನ ರಿಪೋರ್ಟಿನಲ್ಲಿ ಬಿಆರ್‌ಸಿಎ2 ದೋಷ ಬಂತು. ಅವನು ಓದಿ, "ಇದು ಹೆಂಗಸರ ಎದೆಯ ಕ್ಯಾನ್ಸರಿನದ್ದಲ್ವಾ? ಯಾರದ್ದೋ ರಿಪೋರ್ಟು ಕೊಟ್ಟಿದ್ದಾರೆ" ಅಂದ. ಅವನ ತಪ್ಪಲ್ಲ. ಹಾಲಿವುಡ್ ನಟಿ ಆಂಜಲೀನಾ ಜೋಲಿ ಇಂಥ ದೋಷ ಇದೆ ಅಂತ ಎದೆಗಳನ್ನೇ ತೆಗೆಸಿಕೊಂಡ ಸುದ್ದಿ ಬಂದಾಗಿನಿಂದ ಬಿಆರ್‌ಸಿಎ ಅಂದರೆ ಹೆಂಗಸರ ವಿಷಯ ಅಂತಲೇ ಜನರ ತಲೆಯಲ್ಲಿ ಕೂತಿದೆ. ಡಾಕ್ಟರು ನಕ್ಕು ನಮ್ಮನ್ನು ಜೆನೆಟಿಕ್ ಕೌನ್ಸೆಲರ್ ಹತ್ತಿರ ಕಳಿಸಿದರು. "ತಮ್ಮ, ಅಕ್ಕ ಯಾರಿದ್ದಾರೋ ಅವರನ್ನೂ ಕರೆದುಕೊಂಡು ಹೋಗಿ" ಅಂದರು.

ಕೌನ್ಸೆಲರ್ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ನಮ್ಮದು ಹೋಟೆಲು ಮನೆತನ ಅಂತ ಕೇಳಿ ಅದರಲ್ಲೇ ವಿವರಿಸಿದಳು. ಅಡುಗೆಮನೆಯಲ್ಲಿ ಎರಡು ಗ್ರೈಂಡರ್ ಇವೆ ಅನ್ನಿ. ಒಂದು ಮೊದಲಿನಿಂದಲೂ ಕೆಟ್ಟಿದೆ. ಇನ್ನೊಂದರಲ್ಲಿ ಹಿಟ್ಟು ರುಬ್ಬಿ ದಿನ ಸಾಗುತ್ತದೆ, ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ. ಆ ಇನ್ನೊಂದೂ ಕೆಟ್ಟ ದಿನ ಕಷ್ಟ. ಬಿಆರ್‌ಸಿಎ2 ಇರುವುದು 13ನೇ ಕ್ರೋಮೋಸೋಮಿನಲ್ಲಿ. ಎಲ್ಲರಿಗೂ ಅದರ ಎರಡು ಪ್ರತಿ, ಅಪ್ಪನದ್ದೊಂದು, ಅಮ್ಮನದ್ದೊಂದು. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಸರಿಯಾಗಿ ಜೋಡಿಸುವುದು ಈ ಜೀನಿನ ಕೆಲಸ. ಅಣ್ಣನಿಗೆ ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟದ್ದು ಸಿಕ್ಕಿದೆ. ಪ್ರಾಸ್ಟೇಟಿನ ಯಾವುದೋ ಒಂದು ಜೀವಕೋಶದಲ್ಲಿ ಒಳ್ಳೆಯ ಪ್ರತಿಯೂ ಕೈಕೊಟ್ಟಿದೆ. ಅಲ್ಲಿಂದ ತಪ್ಪುಗಳು ಸೇರುತ್ತಾ ಹೋಗಿವೆ. ಕಾಯಿಲೆಯೇ ವಂಶದಿಂದ ಬರುವುದಿಲ್ಲ, ಕಾಯಿಲೆ ಬರುವ ಸಾಧ್ಯತೆ ಬರುತ್ತದೆ ಅಂತ ಅವಳು ಎರಡು ಮೂರು ಸಲ ಒತ್ತಿ ಹೇಳಿದಳು.

ಆಮೇಲೆ ದೊಡ್ಡ ಹಾಳೆ ತೆಗೆದು ವಂಶವೃಕ್ಷ ಬರೆಯಲು ಶುರು ಮಾಡಿದಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ತೀರಿಕೊಂಡವರ ಮೇಲೆ ಅಡ್ಡಗೆರೆ. ಕ್ಯಾನ್ಸರ್ ಇದ್ದವರದ್ದು ಕಪ್ಪು ತುಂಬಬೇಕು. ಮೂರು ತಲೆಮಾರು ಬೇಕು ಅಂದಳು. ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು, ಹೇಗೆ ಸತ್ತರು, ಎಲ್ಲ. ಅಕ್ಕ ಭಾವನ ನಡುವೆ ಎರಡು ಗೆರೆ ಎಳೆದಳು. ಸಂಬಂಧದಲ್ಲೇ ಮದುವೆಯಾದರೆ ಹಾಗೆ ಬರೆಯುತ್ತಾರಂತೆ. ಅದಕ್ಕೆ ಕಾರಣವೂ ಇದೆ. ಗಂಡ ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ2 ದೋಷ ಇದ್ದು, ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಸಿಕ್ಕಿಬಿಟ್ಟರೆ ಫ್ಯಾಂಕೋನಿ ಅನೀಮಿಯಾ ಅನ್ನುವ ಗಂಭೀರ ಕಾಯಿಲೆ ಚಿಕ್ಕಂದಿನಲ್ಲೇ ಕಾಣಿಸಿಕೊಳ್ಳುತ್ತದೆ. ಅಕ್ಕನ ಮಕ್ಕಳಿಬ್ಬರೂ ಮೂವತ್ತು ದಾಟಿದ್ದಾರೆ, ಆರೋಗ್ಯವಾಗಿದ್ದಾರೆ. ಅಕ್ಕ ಅಲ್ಲೇ ಕೂತು ದೇವರಿಗೆ ಕೈ ಮುಗಿದಳು.

ಅಪ್ಪನ ಕಡೆ ಬರೆದು ಮುಗಿದಾಗ ಹಾಳೆ ಬೆಳ್ಳಗೇ ಇತ್ತು. ಅಮ್ಮನ ಕಡೆ ಬಂದಾಗ ನಮಗೆ ಹೆಸರುಗಳು ಗೊತ್ತು, ಕಾಯಿಲೆಗಳು ಗೊತ್ತಿಲ್ಲ. ಇದು ತಮಾಷೆ ಅಲ್ವಾ? ತುಳುನಾಡಿನಲ್ಲಿ ಬರಿ, ಅಂದರೆ ಗೋತ್ರದಂಥ ಕುಲ, ನಡೆಯುವುದೇ ಅಮ್ಮನಿಂದ. ಅಮ್ಮನ ಬರಿಯೇ ಮಕ್ಕಳ ಬರಿ. ಆಸ್ತಿಯೂ ಅಳಿಯಸಂತಾನದಲ್ಲಿ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ, ಹೋಗುತ್ತಿತ್ತು. ಕುಟುಂಬದ ಮನೆಯ ದೈವದ ನೇಮಕ್ಕೆ ಹೋದರೆ ಅಜ್ಜಿಯ ಅಜ್ಜಿಯ ಹೆಸರನ್ನೂ ಹೇಳುತ್ತಾರೆ. ಆದರೆ ಆ ಅಜ್ಜಿ ಯಾವುದರಿಂದ ಸತ್ತಳು ಅಂತ ಕೇಳಿದರೆ, "ವಯಸ್ಸಾಗಿತ್ತು" ಅನ್ನುತ್ತಾರೆ.

ಮಾವ 1986ರಲ್ಲಿ ತೀರಿಕೊಂಡಿದ್ದರು. ಅರವತ್ತು ಆಗಿರಲಿಲ್ಲ. ನಮಗೆ ಗೊತ್ತಿದ್ದದ್ದು, ಮಾವನಿಗೆ ಬೆನ್ನುನೋವಿತ್ತು, ಕೊನೆಗೆ ಕಾಲಿನ ಶಕ್ತಿ ಹೋಯಿತು, ಮಲಗಿದಲ್ಲೇ ಇದ್ದರು ಅಂತ. ಕೌನ್ಸೆಲರ್ ಪೆನ್ನು ನಿಲ್ಲಿಸಿ, "ಬೆನ್ನುನೋವು ಯಾಕೆ ಬಂತು ಅಂತ ಕೇಳಿ" ಅಂದಳು.

ಕೇಳಲು ಉಳಿದವರು ಚಿಕ್ಕಮ್ಮ ಒಬ್ಬರೇ. ಎಂಬತ್ತನಾಲ್ಕು ವರ್ಷ, ಊರಿನಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಚುರುಕು. ರಾತ್ರಿ ಫೋನು ಮಾಡಿ ಜೋರಾಗಿ ಕೇಳಿದೆ. ಮಾವನಿಗೆ ಮಂಗಳೂರಿನಲ್ಲಿ ಹರ್ನಿಯಾ ಆಪರೇಷನ್ ಆಗಿತ್ತು ಅಂದರು. ಹರ್ನಿಯಾಕ್ಕೂ ಕಾಲಿನ ಶಕ್ತಿ ಹೋಗುವುದಕ್ಕೂ ಏನು ಸಂಬಂಧ ಚಿಕ್ಕಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹರ್ನಿಯಾ ಅಂತ ನಾವು ಹೇಳಿದ್ದು ಮಗ. ಬೀಜ ತೆಗೆದಿದ್ದರು. ಅದನ್ನೆಲ್ಲ ನಾಲ್ಕು ಜನಕ್ಕೆ ಹೇಳಲಿಕ್ಕೆ ಆಗ್ತದಾ?" ಅಂದರು.

ಆ ಕಾಲದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಅದೇ ಮುಖ್ಯ ಚಿಕಿತ್ಸೆ. ಈ ಕ್ಯಾನ್ಸರ್ ಬೆಳೆಯುವುದು ಗಂಡಸರ ಹಾರ್ಮೋನಿನ ಬಲದಿಂದ, ಬೀಜ ತೆಗೆದರೆ ಅದು ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದ್ದರು. ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಈಗ ಅಣ್ಣನಿಗೆ ಇಂಜೆಕ್ಷನ್ನಿನಿಂದ ಅದೇ ಕೆಲಸ ಮಾಡಿಸುತ್ತಿದ್ದಾರೆ. ಪಿಎಸ್‌ಎ ಪರೀಕ್ಷೆಗೆ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿದ್ದು 1986ರಲ್ಲಿ, ಮಾವ ಹೋದ ವರ್ಷ.

ಚಿಕ್ಕಮ್ಮ ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಅಜ್ಜಿಯ ತಂಗಿಗೆ ಹೊಟ್ಟೆಯಲ್ಲಿ ನೀರು ತುಂಬಿ ಹೋದದ್ದು. ಅವಳ ಮಗಳಿಗೆ ನಲವತ್ತೆರಡಕ್ಕೇ ಎದೆಯಲ್ಲಿ ಗಡ್ಡೆ. ಮರುದಿನ ಕುಟುಂಬದ ಮನೆಯ ಹುಡುಗ ಪೆಟ್ಟಿಗೆಯಲ್ಲಿದ್ದ ಮಾವನ ಹಳೇ ಡಿಸ್ಚಾರ್ಜ್ ಕಾಗದದ ಫೋಟೋ ವಾಟ್ಸ್ಯಾಪಿನಲ್ಲಿ ಕಳಿಸಿದ. ಅದರಲ್ಲಿ ಪ್ರಾಸ್ಟೇಟ್ ಅಂತ ಸ್ಪಷ್ಟವಾಗಿ ಇತ್ತು. ಕೌನ್ಸೆಲರ್ ಮಾವನ ಚೌಕಕ್ಕೆ ಕಪ್ಪು ತುಂಬಿದಳು. ಎದೆಯ ಗಡ್ಡೆಯವರ ವೃತ್ತಕ್ಕೂ ತುಂಬಿದಳು. ಹೊಟ್ಟೆಯ ನೀರು ಬಹುಶಃ ಅಂಡಾಶಯದ್ದಿರಬೇಕು, ಆದರೆ ಕಾಗದ ಇಲ್ಲ ಅಂತ ಅಲ್ಲಿ ಪ್ರಶ್ನೆಯ ಗುರುತು ಹಾಕಿದಳು.

ನೋಡಿದರೆ ಅಮ್ಮನ ಸಾಲೇ ಕಪ್ಪು. ಅಮ್ಮನಿಗೆ ಮಾತ್ರ ಏನೂ ಆಗಿರಲಿಲ್ಲ, ಹೃದಯಾಘಾತದಲ್ಲಿ ಹೋದಳು. ಅವಳಿಗೆ ಪ್ರಾಸ್ಟೇಟೇ ಇಲ್ಲವಲ್ಲ! ಆದರೂ ಮಗನಿಗೆ ದಾಟಿಸಿದ್ದಳು. ಅಮ್ಮನ ಅಣ್ಣನಿಗೆ ಬಂದದ್ದು ಅಮ್ಮನ ಮಗನಿಗೆ ಬಂತು. ನಡುವೆ ಹೆಂಗಸು ಇದ್ದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಇದೆಲ್ಲ ಇನ್ನೂ ಊಹೆಯೇ ಅಂತ ಕೌನ್ಸೆಲರ್ ಎಚ್ಚರಿಸಿದಳು. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಮ್ಮನ ಕಡೆಯಿಂದಲೇ ಬಂದದ್ದು ಅಂತ ಖಚಿತವಾಗಬೇಕಾದರೆ ಚಿಕ್ಕಮ್ಮನ ರಕ್ತ ನೋಡಬೇಕು. ಚಿಕ್ಕಮ್ಮ ಒಪ್ಪಿದರು, ಮಂಗಳೂರಿನಿಂದ ಸ್ಯಾಂಪಲ್ ಹೋಯಿತು. ಅದೇ ಬದಲಾವಣೆ ಸಿಕ್ಕಿತು. ಎಂಬತ್ತನಾಲ್ಕು ವರ್ಷ ಅದನ್ನು ಹೊತ್ತುಕೊಂಡು ಇದ್ದಾರೆ, ಯಾವ ಕ್ಯಾನ್ಸರೂ ಇಲ್ಲ. ಬಿಆರ್‌ಸಿಎ2 ದೋಷ ಇರುವ ಹೆಂಗಸರಲ್ಲಿ ಎಂಬತ್ತು ವರ್ಷದೊಳಗೆ ಸುಮಾರು ಶೇ. 69 ಮಂದಿಗೆ ಸ್ತನ ಕ್ಯಾನ್ಸರ್, ಶೇ. 17 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ ಅಂತ 2017ರ ದೊಡ್ಡ ಅಧ್ಯಯನವೊಂದು ಹೇಳಿದೆ. ತಪ್ಪಿಸಿಕೊಂಡವರ ಪೈಕಿ ನಮ್ಮ ಚಿಕ್ಕಮ್ಮ.

ಈಗ ನನ್ನ ಸರದಿ. ಅಣ್ಣನಿಗೆ ಇಡೀ ಜೀನುಗಳ ಪಟ್ಟಿಯನ್ನೇ ಜಾಲಾಡಿದ್ದರು. ಬಿಆರ್‌ಸಿಎ1, ಬಿಆರ್‌ಸಿಎ2, ಎಟಿಎಂ, ಚೆಕ್2, ಪಾಲ್ಬಿ2, ಹಾಕ್ಸ್‌ಬಿ13, ಲಿಂಚ್ ಸಿಂಡ್ರೋಮಿನ ಜೀನುಗಳು, ಹೀಗೆ. ನನಗೆ ಅದೆಲ್ಲ ಬೇಕಾಗಿರಲಿಲ್ಲ. ಎಲ್ಲಿ ಹುಡುಕಬೇಕು ಅಂತ ಗೊತ್ತಿತ್ತು, ಆ ಒಂದೇ ಜಾಗ ನೋಡಿದರೆ ಸಾಕು. ಖರ್ಚೂ ಅದಕ್ಕೆ ತಕ್ಕಂತೆ ಕಡಿಮೆ. ಆದ್ದರಿಂದ ಮನೆಯಲ್ಲಿ ಕಾಯಿಲೆ ಬಂದವರಿಗೇ ಮೊದಲು ಪರೀಕ್ಷೆ ಮಾಡಿಸಬೇಕು. ಆರೋಗ್ಯವಾಗಿರುವವರು ಸುಮ್ನೆ ಹೋಗಿ ದೊಡ್ಡ ಪರೀಕ್ಷೆ ಮಾಡಿಸಿಕೊಂಡರೆ ಅರ್ಥ ಗೊತ್ತಿಲ್ಲದ ಬದಲಾವಣೆಗಳು ಬಂದು ತಲೆ ಕೆಡುತ್ತದೆ. ನಮ್ಮವರಲ್ಲಿ ಅಂಥವು ಜಾಸ್ತಿ. ಜಗತ್ತಿನ ಜೀನ್ ಮಾಹಿತಿಯಲ್ಲಿ ಬಹುಪಾಲು ಯುರೋಪಿನ ಮೂಲದವರದ್ದು, ಭಾರತೀಯರದ್ದು ಕಡಿಮೆ.

ರಕ್ತ ಕೊಡುವ ಮೊದಲು ಒಂದಿಷ್ಟು ಪ್ರಶ್ನೆ. ರಿಪೋರ್ಟು ಯಾರಿಗೆ ಹೇಳುತ್ತೀರಿ? ಮಕ್ಕಳಿಗೆ ಹೇಳುತ್ತೀರಾ? ಇನ್ಶೂರೆನ್ಸ್ ಇದೆಯಾ? ಜೀನ್ ದೋಷದ ನೆಪದಲ್ಲಿ ಆರೋಗ್ಯ ವಿಮೆ ತಪ್ಪಿಸುವುದು ತಾರತಮ್ಯ ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಆದರೆ ಅಮೆರಿಕದಲ್ಲಿರುವಂಥ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಸಹಿ ಹಾಕಿದೆ. ಒಂದು ಸಣ್ಣ ಟ್ಯೂಬು ರಕ್ತ, ಅಷ್ಟೇ.

ಕಾಯುವ ವಾರಗಳ ಬಗ್ಗೆ ಹೇಳುವುದೇನಿಲ್ಲ. ಆಫೀಸಿಗೆ ಹೋದೆ, ಬಂದೆ. ಆಗಲೇ ಒಂದು ಕಂಪನಿಯಿಂದ ಫೋನು ಬಂತು, ಎಂಜಲು ಕಳಿಸಿದರೆ ಇಡೀ ಮನೆಯವರ ಕ್ಯಾನ್ಸರ್ ಅಪಾಯ ಹೇಳುತ್ತೇವೆ, ಹಬ್ಬದ ರಿಯಾಯಿತಿ ಇದೆ ಅಂತ. ಇದನ್ನು ಕೌನ್ಸೆಲರಿಗೆ ಹೇಳಿದಾಗ ಅವಳು ಸ್ವಲ್ಪ ಬೇಸರದಿಂದಲೇ ವಿವರಿಸಿದಳು. ಬಿಆರ್‌ಸಿಎ2 ತರಹದ ದೊಡ್ಡ ಪೆಟ್ಟಿನ ಬದಲಾವಣೆಗಳು ಅಪರೂಪ. ಇನ್ನೊಂದು ಬಗೆಯವು ಎಲ್ಲರಲ್ಲೂ ಇರುತ್ತವೆ, ಒಂದೊಂದರ ಪ್ರಭಾವವೂ ಚೂರೇ ಚೂರು. 8ನೇ ಕ್ರೋಮೋಸೋಮಿನ ಒಂದು ಭಾಗದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಸಂಬಂಧಪಟ್ಟ ಅಂಥದ್ದು 2006ರಲ್ಲಿ ಸಿಕ್ಕಿತು. 2021ರ ಹೊತ್ತಿಗೆ ಲೆಕ್ಕ 269 ಆಯಿತು, 2023ರಲ್ಲಿ 451. ಎಲ್ಲವನ್ನೂ ಕೂಡಿಸಿ ಒಬ್ಬೊಬ್ಬರಿಗೂ ಒಂದು ಅಂಕ ಕೊಡುತ್ತಾರೆ. ಆದರೆ ಆ ಅಂಕದ ಲೆಕ್ಕ ಹುಟ್ಟಿದ್ದೂ ಬಹುಪಾಲು ಯುರೋಪಿನವರ ಮೇಲೆ, ನಮಗೆ ಹಾಗೇ ತಗಲಿಸಲು ಬರುವುದಿಲ್ಲ. ಹಾಕ್ಸ್‌ಬಿ13ರ ಕತೆಯೂ ಹಾಗೇ. 2012ರಲ್ಲಿ ಸಿಕ್ಕ ಆ ಜೀನಿನ ಹೆಸರಾಂತ ಬದಲಾವಣೆ ಮುಖ್ಯವಾಗಿ ಕಾಣುವುದು ಫಿನ್ಲೆಂಡ್, ಸ್ವೀಡನ್ ಕಡೆಯ ಜನರಲ್ಲಿ.

ಹಾಗಂತ ವಂಶದ ಪಾಲು ಸಣ್ಣದೇನಲ್ಲ. ಉತ್ತರ ಯುರೋಪಿನ ನಾಲ್ಕು ದೇಶಗಳ ಅವಳಿಗಳನ್ನು ನೋಡಿ 2016ರಲ್ಲಿ ಒಂದು ಲೆಕ್ಕ ಬಂತು. ಈ ಕ್ಯಾನ್ಸರ್ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದೆ ಇರುವ ವ್ಯತ್ಯಾಸದಲ್ಲಿ ಸುಮಾರು ಶೇ. 57 ಪಾಲು ವಂಶದ್ದು. ಕ್ಯಾನ್ಸರುಗಳಲ್ಲಿ ಇಷ್ಟು ಜಾಸ್ತಿ ಪಾಲು ಇರುವವು ಕಡಿಮೆ.

ನನ್ನ ರಿಪೋರ್ಟು ಬಂತು. ಇದೆ. ಅಕ್ಕನಿಗೆ ಇಲ್ಲ. ಅಣ್ಣ ತಮ್ಮ ಅಕ್ಕ, ಮೂವರಿಗೂ ಬೇರೆ ಬೇರೆಯಾಗಿ ಅರ್ಧಕ್ಕರ್ಧ ಸಾಧ್ಯತೆ. ಒಬ್ಬರಿಗೆ ಬಂತು ಅಂತ ಇನ್ನೊಬ್ಬರಿಗೆ ತಪ್ಪುವುದಿಲ್ಲ.

ನನ್ನ ಮುಂದಿನ ದಾರಿ ಸರಳ. ಬಿಆರ್‌ಸಿಎ2 ದೋಷ ಇರುವ ಗಂಡಸರಲ್ಲಿ ಎಪ್ಪತ್ತೈದು ವರ್ಷದೊಳಗೆ ಸುಮಾರು ಶೇ. 27, ಎಂಬತ್ತೈದರೊಳಗೆ ಸುಮಾರು ಶೇ. 60 ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತದೆ ಅಂತ 2020ರ ಬ್ರಿಟನ್ ಮತ್ತು ಐರ್ಲೆಂಡಿನ ಅಧ್ಯಯನ ಹೇಳುತ್ತದೆ. ಬಂದರೆ ಸ್ವಲ್ಪ ಬೇಗ, ಸ್ವಲ್ಪ ಜೋರಾಗಿಯೇ ಬರುತ್ತದೆ. ಆದ್ದರಿಂದ ಇಂಥವರು ನಲವತ್ತರಿಂದಲೇ ಪ್ರತಿ ವರ್ಷ ಪಿಎಸ್‌ಎ ಮಾಡಿಸಬೇಕು. ಇಂಪ್ಯಾಕ್ಟ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 4ರ ಬದಲು 3 ದಾಟಿದವರಿಗೇ ಬಯಾಪ್ಸಿ ಮಾಡುತ್ತಿದ್ದರು. ನನ್ನದು 1.6 ಬಂತು. ಎಂಆರ್‌ಐಯಲ್ಲೂ ಏನಿಲ್ಲ. ಪರೀಕ್ಷೆಗೆ ಮೊದಲು ಎರಡು ದಿನ ಸೈಕಲ್ ಹೊಡೆಯಬೇಡಿ, ಹೆಂಡತಿಯ ಹತ್ತಿರ ಹೋಗಬೇಡಿ, ಮೂತ್ರದ ಸೋಂಕಿದ್ದರೆ ಮುಂದೂಡಿ ಅಂತ ಹೇಳಿದ್ದರು. ಇವೆಲ್ಲ ಅಂಕಿಯನ್ನು ಏರಿಸುತ್ತವಂತೆ. ಎದೆಯಲ್ಲಿ ಗಂಟು ಕಂಡರೆ ಗಂಡಸರೂ ಅಸಡ್ಡೆ ಮಾಡಬಾರದು ಅಂತಲೂ ಹೇಳಿದರು.

ಅಣ್ಣನಿಗೆ ಮೊದಲ ಔಷಧ ಕೈಕೊಟ್ಟ ಮೇಲೆ ಓಲಾಪರಿಬ್ ಅನ್ನುವ ಮಾತ್ರೆ ಶುರುವಾಗಿದೆ. ಅವನ ಕ್ಯಾನ್ಸರ್ ಕೋಶಗಳಲ್ಲಿ ಕೆಲಸ ಮಾಡುವ ಬಿಆರ್‌ಸಿಎ2 ಇಲ್ಲ, ಅವು ಪಾರ್ಪ್ ಅನ್ನುವ ಇನ್ನೊಂದು ರಿಪೇರಿ ದಾರಿಯ ಮೇಲೆ ಬದುಕುತ್ತವೆ. ಈ ಮಾತ್ರೆ ಆ ದಾರಿಯನ್ನು ಮುಚ್ಚುತ್ತದೆ. ಹಿಮೋಗ್ಲೋಬಿನ್ ಇಳಿಯುತ್ತದೆ, ಸುಸ್ತು ಅನ್ನುತ್ತಾನೆ. ಪಿಎಸ್‌ಎಯೂ ಇಳಿದಿದೆ. ಸಂಜೆ ಹೊತ್ತು ಗಲ್ಲಾದಲ್ಲಿ ಕೂರುತ್ತಾನೆ.

ನನಗೆ ಒಬ್ಬಳೇ ಮಗಳು, ಪುಣೆಯಲ್ಲಿ ಕೆಲಸ. ಅವಳಿಗೆ ಹೇಳಬೇಡಿ, ಮದುವೆ ಮಾತು ನಡೆಯುತ್ತಿದೆ ಅಂತ ನನ್ನ ಹೆಂಡತಿ ತಡೆದಳು. ಮಾವನ ಹರ್ನಿಯಾ ಕತೆಯನ್ನು ಮತ್ತೆ ಶುರು ಮಾಡುವುದಕ್ಕೆ ನನಗೆ ಮನಸ್ಸಿರಲಿಲ್ಲ. ಫೋನಿನಲ್ಲಿ ಹೇಳಿದೆ. ಅವಳು ನನಗಿಂತ ಜಾಸ್ತಿ ಓದಿಕೊಂಡಳು. ಈ ವರ್ಷ ಬೇಡ, ಇಪ್ಪತ್ತೈದಕ್ಕೆ ಎದೆಯ ಎಂಆರ್‌ಐ ಶುರು ಮಾಡುವ ಮೊದಲು ಜೀನಿನ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ ಪಪ್ಪಾ ಅಂದಳು. ಅದು ಅವಳ ತೀರ್ಮಾನ.

ಉಳಿದದ್ದು ಭಾವ. ಅವರಪ್ಪನೇ ಮಾವ ಅಲ್ವಾ, ಆದ್ದರಿಂದ ಅವರ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಭಾವನದ್ದು ಒಂದೇ ಹಟ. "ಅದು ನಿಮ್ಮ ಬರಿಯ ಕಾಯಿಲೆ ಮಾರಾಯ. ನನ್ನ ಬರಿ ಬೇರೆ." ಬರಿಯ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಅವರದ್ದು ಅವರಮ್ಮನ ಬರಿ. "ಭಾವ, ಬರಿ ಅಮ್ಮನಿಂದ ಮಾತ್ರ ಬರುವುದು. ಇದು ಇಬ್ಬರಿಂದಲೂ ಬರುತ್ತದೆ. ಆ ಲೆಕ್ಕದಲ್ಲಿ ನನ್ನ ಮಗಳೂ ನನ್ನ ಬರಿಯವಳಲ್ಲ" ಅಂದೆ. "ನಮ್ಮಪ್ಪನಿಗೆ ಆದದ್ದು ಹರ್ನಿಯಾ" ಅಂತ ಎದ್ದು ಹೋದರು. ಡಿಸ್ಚಾರ್ಜ್ ಕಾಗದವನ್ನು ಅಕ್ಕ ಅವರ ಮುಂದೆ ಹಿಡಿದದ್ದು ಆಮೇಲೆ.

ಅಕ್ಕನ ಸಿಟ್ಟಿಗೆ ಹೆದರಿ ಪಿಎಸ್‌ಎಗೆ ಮಾತ್ರ ಒಪ್ಪಿದರು. ಅರವತ್ತನಾಲ್ಕು ವಯಸ್ಸಿಗೆ 3.4 ಬಂತು. ಲ್ಯಾಬಿನ ಕಾಗದದಲ್ಲಿ ನಾರ್ಮಲ್ ಅಂತ ಇದೆ ನೋಡು ಅಂದರು. ಡಾಕ್ಟರು ಹಾಗನ್ನಲಿಲ್ಲ. ಇಂಥ ಮನೆತನದಲ್ಲಿ 3ರ ಮೇಲೆ ಬಂದರೆ ಮತ್ತೊಮ್ಮೆ ಮಾಡಿಸಿ, ಎಂಆರ್‌ಐ ಮಾಡಿಸಿ, ಜೀನಿನ ಪರೀಕ್ಷೆಗೂ ಕೊಡಿ ಅಂದರು. ಈ ಸಲ ಭಾವ ವಾದ ಮಾಡಲಿಲ್ಲ. ರಕ್ತ ಕೊಟ್ಟಾಗಿದೆ, ರಿಪೋರ್ಟು ಇನ್ನೂ ಬಂದಿಲ್ಲ. ಅಕ್ಕನ ದೊಡ್ಡ ಮಗ ನಾನೂ ಇವತ್ತೇ ಕೊಡುತ್ತೇನೆ ಅಂತ ಹೊರಟಿದ್ದ. ಕೌನ್ಸೆಲರ್ ಈಗ ಬೇಡ ಅಂದಳು. ಅಮ್ಮನಿಗೆ ಇಲ್ಲ ಅಂತ ಗೊತ್ತಾಗಿದೆ, ಅಪ್ಪನಿಗೂ ಇಲ್ಲ ಅಂತ ಬಂದರೆ ಮಕ್ಕಳಿಗೆ ಆ ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ.